ಲ್ಯಾಪ್‌ಟಾಪ್ ಮೇಷ್ಟ್ರ ಮೂವತ್ತೊಂಬತ್ತು ನಿಯಮಗಳು

ಶಾಲೆಯ ಲ್ಯಾಪ್‌ಟಾಪ್‌ಗಳು ಮಕ್ಕಳ ಜೊತೆ ಮನೆಗೆ ಹೊರಡುವ ದಿನ ಕಂಪ್ಯೂಟರ್ ಮೇಷ್ಟ್ರ ಮುಖ ಮಗಳನ್ನು ಗಂಡನ ಮನೆಗೆ ಕಳಿಸುವ ಅಪ್ಪನ ಹಾಗಿರುತ್ತದೆ. ಮೂವತ್ತೊಂಬತ್ತು ನಿಯಮಗಳನ್ನು ಅವರು ಓದಬೇಕು, ಒಂದೊಂದಕ್ಕೂ ಮಕ್ಕಳು ‘ಹೂಂ’ ಅನ್ನಬೇಕು. ಮಂಚದ ಮೇಲೆ ಮಲಗಿಸಬಾರದು, ಮಡಚುವಾಗ ಟಪ್ ಅನ್ನಿಸಬಾರದು, ಮನೆಯಲ್ಲಿ ಬೆಕ್ಕಿದ್ದರೆ ಒಪ್ಪಿಗೆ ಪತ್ರದ ಮೇಲೆ ಅದರ ಹೆಜ್ಜೆಗುರುತೂ ಬೇಕು. “ಸೀನು ಬಂದ್ರೆ ಸಾರ್?” ಎಂದು ಯಾರೋ ಕೇಳಿದ್ದೇ ತಡ, ನಲವತ್ತನೆಯದು ಹುಟ್ಟಿತು: ಮುಖ ತಿರುಗಿಸಿ ಸೀನಬೇಕು. ಅಷ್ಟಾದರೂ ಜೀವ ತಡೆಯದೆ ಸಂಜೆ ಮನೆಮನೆಗೆ ಹೋಗಿ ಇಣುಕಿ ಬರುತ್ತಾರೆ. ಮೊನ್ನೆ ಏಳನೆಯ ತರಗತಿಯ ಹುಡುಗಿಯೊಬ್ಬಳ ಮನೆಗೆ ಹೋದರೆ, ಅವಳೂ ಅಪ್ಪ ಅಮ್ಮ ಅಜ್ಜಿಯೂ ಹೊಸ್ತಿಲಾಚೆ ಚಳಿಯಲ್ಲಿ ತಟ್ಟೆ ಹಿಡಿದು ನಿಂತೇ ಉಣ್ಣುತ್ತಿದ್ದರು. ಒಳಗೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಒಂದೇ ಬೆಚ್ಚಗೆ ಕೂತಿತ್ತು. “ಅದಿರೋ ಕೋಣೇಲಿ ಊಟ ಮಾಡ್ಬಾರ್ದು ಅಂತ ನೀವೇ ಬರ್ದಿದ್ದೀರಲ್ಲ ಸಾರ್,” ಎಂದಳು ಅಜ್ಜಿ, “ನಮಗಿರೋದು ಒಂದೇ ಕೋಣೆ.” ಮೇಷ್ಟ್ರು ಚಪ್ಪಲಿ ಬಿಟ್ಟು ಒಳಹೋಗಿ, ಲ್ಯಾಪ್‌ಟಾಪ್ ಪಕ್ಕದಲ್ಲೇ ಕೂತು, “ಎಲ್ಲಾರೂ ಒಳಗೆ ಬನ್ನಿ ಅಜ್ಜಿ, ನನಗೂ ಒಂದು ತುತ್ತು ಹಾಕಿ” ಎಂದರು.