ಸುಂದರಿಯ ಕುತ್ತಿಗೆಗೆ ಸೂಜಿ

ಗೆಳೆಯರೇ, ಕ್ಯಾನ್ಸರ್ ಕೋಶಕ್ಕೆ ‘ಬೆಳೆ’ ಎಂಬ ಆಜ್ಞೆ ಬರುವ ಬಾಗಿಲನ್ನು ಮುಚ್ಚಬಲ್ಲ ಪುಟ್ಟ ಪ್ರತಿಕಾಯಗಳು ಒಂಟೆಯ ರಕ್ತದಲ್ಲಿ ಸಿಗುತ್ತವೆ. ಅದಕ್ಕಾಗಿ ಆರು ವಾರ ಚುಚ್ಚುಮದ್ದು ಕೊಟ್ಟು ಸಿದ್ಧಪಡಿಸಿದ ಒಂಟೆಯ ರಕ್ತ ತೆಗೆಯಲು ಇಂದು ಹೋದರೆ, ಕುವೈತಿ ಮಾಲೀಕ ಅಡ್ಡ ನಿಂತ. ಜೊತೆಗಿದ್ದ ಮಂಗಳೂರಿನ ಹಮೀದ್ ಅನುವಾದಿಸಿದರು:

“ಖಲಾಸ್, ಇನ್ನು ರಕ್ತ ತೆಗೆಯೋಕೆ ಬಿಡಲ್ಲ ಅಂತೆ ಮೇಡಂ. ಒಂಟೆಯನ್ನ ಸೌಂದರ್ಯ ಸ್ಪರ್ಧೆಗೆ ಸೇರಿಸಿದ್ದಾರೆ. ಕುತ್ತಿಗೆಯಲ್ಲಿ ಸೂಜಿ ಗುರುತು ಕಂಡ್ರೆ, ಚಂದಕ್ಕೆ ಇಂಜೆಕ್ಷನ್ ಹಾಕಿದ್ದು ಅಂತ ಓಡಿಸ್ತಾರಂತೆ.”

“ಆರು ವಾರದ ಕೆಲಸ ಮಣ್ಣುಗೂಡತೈತಿ! ರಕ್ತ ಸಿಗೂತನಕ ನಾ ಕದಲಂಗಿಲ್ಲ ಅಂತ ಹೇಳ್ರಿ.”

ಬಿಸಿಲಲ್ಲೇ ನಿಂತೆ. ಕೊನೆಗೆ, ‘ಇಂದು ರಕ್ತ ತೆಗೆದದ್ದು ಮಾತ್ರ, ಈಕೆಯ ಚೆಲುವು ಹುಟ್ಟಿನಿಂದ ಬಂದದ್ದು’ ಎಂದು ನಾನು ಬರೆದು ಸಹಿ ಹಾಕಿಕೊಟ್ಟ ಮೇಲೆ ಆತ ಒಂಟೆಯನ್ನು ಕೂರಿಸಿದ.

ನನ್ನ ಚೆಲುವಿಗೆ ಇಂಥ ಪತ್ರವನ್ನು ಈವರೆಗೆ ಯಾರೂ ಬರೆದುಕೊಟ್ಟಿಲ್ಲ. ಧೈರ್ಯವಿದ್ದವರು ಕಮೆಂಟ್ ಮಾಡಿ.