ಕೆಂಡದ ಎದುರಾಳಿ
ನಮ್ಮ ಬೀದಿ ಮೂಲೆಯ ಇಸ್ತ್ರಿ ಅಂಗಡಿಯವನಿಗೆ ರ‍್ಯಾಪ್ ಹಾಡುವವರ ನಡುವೆ ಕೆಂಡ ಅಂತ ಹೆಸರು. ಕಾಲರ್ ಒತ್ತುತ್ತಲೇ ಬೈಗುಳಕ್ಕೆ ಪ್ರಾಸ ಹುಡುಕುತ್ತಾನೆ. ಒಳ್ಳೇ ಪ್ರಾಸ ಸಿಕ್ಕ ದಿನ ನನ್ನ ಪ್ಯಾಂಟಿಗೆ ಎರಡೆರಡು ಗೆರೆ ಬಿದ್ದಿರುತ್ತವೆ. ಬೈಗುಳವೆಲ್ಲ ಒಬ್ಬನಿಗೇ ಮೀಸಲು: ಎದುರು ಸಾಲಿನ ಕಟಿಂಗ್ ಶಾಪಿನ ಸಿಡಿಲು. ಇವನೊಂದು ಹಾಡು ಬಿಟ್ಟರೆ ಅವನೊಂದು ಬಿಡಬೇಕು, ಹತ್ತು ವರ್ಷದಿಂದ ಹೀಗೇ. ಕೂದಲು ಭುಜಕ್ಕಿಳಿದರೂ ಇವನು ಅಲ್ಲಿಗೆ ಹೋಗುವುದಿಲ್ಲ. ಅವನೋ ಮುದುಡಿದ ಅಂಗಿಯಲ್ಲೇ ತಂಗಿ ಮದುವೆ ಮಾಡಿದವನು. "ಸಾಕು ಮಾಡೋ" ಅಂತ ಕೆಂಡನ ಅಕ್ಕ ಗದರಿದರೆ, "ಮೊದಲು ಅವನು ಸುಮ್ಮನಾಗಲಿ, ಅಕ್ಕ" ಅನ್ನುತ್ತಿದ್ದ. ಈ ವರ್ಷ ಅವನು ಸುಮ್ಮನಾದ. ಗಂಟಲಿನ ಆಪರೇಷನ್ ಆಗಿ ದನಿಯೇ ಹೊರಟುಹೋಯಿತು. "ಗೆದ್ದುಬಿಟ್ಟೆ ಗುರು!" ಅಂತ ಅಭಿಮಾನಿಗಳು ಬೆನ್ನು ತಟ್ಟಿದರೆ ಕೆಂಡ ಉರಿದುಬಿದ್ದ: "ಅವನ ಸರದಿ ಇನ್ನೂ ಇದೆ ಕಣ್ರೋ!" ಮೊದಲ ಸಲ ಆ ಕಟಿಂಗ್ ಶಾಪಿನ ಮೆಟ್ಟಿಲು ಹತ್ತಿ, ಕುರ್ಚಿಯಲ್ಲಿ ಕೂತು, "ತಲೆ ಆಮೇಲೆ. ಮೊದಲು ಉತ್ತರ ಬರಿ" ಅಂತ ನೋಟ್‌ಬುಕ್ ಚಾಚಿದ. ಮುಂದಿನ ಭಾನುವಾರ, ಮುಂದಿನ ಸಾಲಲ್ಲೇ ಕೂತಿದ್ದ ಸಿಡಿಲಿನ ಕಣ್ಣೆದುರು, ಅವನು ಬರೆದುಕೊಟ್ಟದ್ದನ್ನು ಕೆಂಡ ವೇದಿಕೆ ಮೇಲೆ ಹಾಡಿದ. ಇವನು ಸುಟ್ಟ ಷರಟುಗಳನ್ನೂ, ಇವನ ಒಡಕು ದನಿಯನ್ನೂ ಹಿಡಿದು ಇವನಿಗೇ ಹೀನಾಮಾನ ಬೈದಿದ್ದ ಹಾಡು. ಒಂದು ಬೈಗುಳವನ್ನೂ ನುಂಗಲಿಲ್ಲ.