ಏ.ಸಿ. ತೆಗೆದ ಜಾಗದಲ್ಲಿ ಹೊಗೆ ಕೊಳವೆ

ಬಹರೈನಿನಲ್ಲಿ ಸೌದೆ ಒಲೆ ಕೊಳ್ಳಲು ಹೋದರೆ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ ಏನು ಗೊತ್ತೇ? "ಟೆಂಟ್ ಎಷ್ಟು ದೊಡ್ಡದು ಸರ್?"

ಟೆಂಟ್ ಅಲ್ಲ, ಮನೆಗೆ ಎಂದೆ. ಅಂಗಡಿಯ ಹಮೀದ್ ಉಳ್ಳಾಲದ ಕಡೆಯವರು. ಚಳಿಗಾಲದಲ್ಲಿ ಮರುಭೂಮಿಗೆ ಕ್ಯಾಂಪಿಂಗ್ ಹೋಗುವವರಿಗೆ ಸಾಮಾನು ಮಾರುತ್ತಾರೆ. ಮನೆಯೊಳಗೆ ಒಲೆ ಉರಿಸುವ ಗಿರಾಕಿಯನ್ನು ಅವರು ಕಂಡಿರಲಿಲ್ಲ. "ಮನೆಗಾ? ಎಂತ, ಕರೆಂಟಿನವರ ಹತ್ತಿರ ಜಗಳವಾ?" ಎಂದು ನಕ್ಕರು.

ನಗಬೇಕಾದದ್ದೇ. (ಇಲ್ಲಿ ಚಳಿ ಎಂದರೆ ಊರಿನವರು ಇಂದಿಗೂ ಜೋಕ್ ಎಂದುಕೊಳ್ಳುತ್ತಾರೆ.) ಆದರೆ ಜನವರಿಯಲ್ಲಿ ಉತ್ತರದಿಂದ ಬೀಸುವ ಶಮಾಲ್ ಗಾಳಿ ಶುರುವಾದರೆ ಸನದ್ ಬಡಾವಣೆಯ ನಮ್ಮ ಎರಡು ಕೋಣೆಯ ಹಳೇ ಮನೆ ಫ್ರಿಜ್ಜೇ ಸರಿ. ಈ ಮನೆಗಳನ್ನು ಕಟ್ಟಿರುವುದು ಬಿಸಿಯನ್ನು ಹೊರಗಿಡಲು, ಒಳಗಿಡಲು ಅಲ್ಲ. ಆಯಿಲ್ ಹೀಟರ್ ತಂದೆ. ಗೀಸರ್ ಜತೆಗೆ ಹಾಕಿದ ಕೂಡಲೇ ಮನೆಯೆಲ್ಲ ಕತ್ತಲು. ಹಳೇ ವೈರಿಂಗ್.

ನಾವಿಬ್ಬರೇ ಆಗಿದ್ದರೆ ಎರಡೆರಡು ಸ್ವೆಟರ್ ಹಾಕಿಕೊಂಡು ದಿನ ದೂಡುತ್ತಿದ್ದೆವು. ಈ ಸಲ ಮೂರು ವಾರದ ಮಗಳಿದ್ದಾಳೆ. ಬಾಣಂತನಕ್ಕೆಂದು ಊರಿನಿಂದ ಅಮ್ಮ ಬಂದಿದ್ದಾರೆ. ಮಗುವಿನ ಕಾಲ್ಬೆರಳು ಮುಟ್ಟಿ ನೋಡಿ "ತಣ್ಣಗಿದೆ" ಎನ್ನುವುದೇ ಮನೆಯವರೆಲ್ಲರ ಉದ್ಯೋಗ.

ನಿಮಗೆ ಗೊತ್ತೇ ಇದೆ, ಓದಿ ನೋಡದೆ ನಾನು ಬೆಂಕಿಪೊಟ್ಟಣವನ್ನೂ ಕೊಳ್ಳುವವನಲ್ಲ. ಇಂಟರ್‌ನೆಟ್ ಜಾಲಾಡಿದೆ. ಸಣ್ಣ ಮನೆಗೆ ದೊಡ್ಡ ಒಲೆ ತರುವುದು ಎಲ್ಲರೂ ಮಾಡುವ ತಪ್ಪಂತೆ. ಸೆಕೆ ತಾಳದೆ ಅದರ ಗಾಳಿ ಮುಚ್ಚುತ್ತೇವೆ. ಉಸಿರು ಕಟ್ಟಿದ ಒಲೆ ಉರಿಯುವುದನ್ನು ಬಿಟ್ಟು ಹೊಗೆಯಾಡುತ್ತದೆ. ಚಿಕ್ಕದು ಚೆನ್ನಾಗಿ ಉರಿಯುವುದೇ ಮೇಲು. ಹಮೀದ್ ದೊಡ್ಡದನ್ನೇ ತೋರಿಸಿದರೂ ನನ್ನ ಕಣ್ಣು ಮೂಲೆಯ ಪುಟ್ಟ ಕಬ್ಬಿಣದ ಒಲೆಯ ಮೇಲಿತ್ತು.

ಆದರೆ ಅದಕ್ಕೆ ಹೊಗೆ ಕೊಳವೆ ಬೇಕು. ಕೊಳವೆ ಹೊರಹೋಗಲು ತೂತು ಬೇಕು. ಬಾಡಿಗೆ ಮನೆಯ ಗೋಡೆ ಕೊರೆಯುವುದೇ? ಪಕ್ಕದಲ್ಲೇ ಕೆಂಡ ಹಾಕುವ ತೆರೆದ ಅಗ್ಗಿಷ್ಟಿಕೆ ಇತ್ತು. ಕೊಳವೆಯ ರಗಳೆಯಿಲ್ಲ. ಅದನ್ನೂ ಒಂದು ಚೀಲ ಇದ್ದಿಲನ್ನೂ ಹೊತ್ತು ತಂದೆ.

ಹೆಂಡತಿ ವೀಣಾ ಅದನ್ನು ಕೋಣೆಯ ಹೊಸ್ತಿಲು ದಾಟಲು ಬಿಡಲಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟರೆ ಕಾರ್ಬನ್ ಮೊನಾಕ್ಸೈಡ್, ಅದಕ್ಕೆ ವಾಸನೆಯೂ ಇಲ್ಲ ಎಂದು ಮೊನ್ನೆ ಓದಿ ಹೇಳಿದ್ದು ನೀವೇ ಅಲ್ಲವೇ ಎಂದಳು. ನಾನೇ. ಆದರೆ ನನ್ನ ಬಳಿ ಓದಿದ್ದಕ್ಕಿಂತ ದೊಡ್ಡ ಸಾಕ್ಷಿಯಿತ್ತು. ನನಗೆ ಐದು ವರ್ಷವಿದ್ದಾಗ ತಮ್ಮ ಹುಟ್ಟಿದ. ಮುಚ್ಚಿದ ಬಾಗಿಲು, ಅರೆಗತ್ತಲು, ಅಮ್ಮನ ಮಂಚದ ಕೆಳಗೆ ಕೆಂಪಗೆ ಕೆಂಡ. ಈಗಲೂ ಕಣ್ಣಿಗೆ ಕಟ್ಟಿದಂತಿದೆ. ತಮ್ಮನಿಗೆ ಏನಾಯಿತು? ಗುಂಡುಕಲ್ಲಿನಂತಿದ್ದಾನೆ.

ಮಗುವಿಗೆ ಎಣ್ಣೆ ಹಚ್ಚುತ್ತಿದ್ದ ಅಮ್ಮ ತಲೆಯೆತ್ತಿದರು.

"ನೀನು ನೋಡಿದ್ದೆಲ್ಲಿ ಮಾರಾಯ? ನಿನಗೆ ಕೆಮ್ಮು ಅಂತ ಒಳಗೇ ಬಿಟ್ಟಿರಲಿಲ್ಲ. ಬಾಗಿಲ ಹೊರಗೆ ಕೂತು ಕೂಗ್ತಿದ್ದಿ."

ಹಾಗಾದರೆ ಕೆಂಡ? ಅದು ಹಿಂದಿನ ಜಗಲಿಯಲ್ಲಿತ್ತಂತೆ. ಅಲ್ಲಿ ಬಟ್ಟೆ ಕಾಯಿಸಿ ಒಳಗೆ ತಂದು ಮಗುವಿಗೆ ಸುತ್ತುತ್ತಿದ್ದರಂತೆ. ಕೋಣೆಗೆ ಬೆಂಕಿ ತರಲು ಅಜ್ಜಿ ಬಿಡುತ್ತಿರಲಿಲ್ಲವಂತೆ. ಯಾಕೆ ಎಂದೆ.

ಅಮ್ಮ ಮಗುವಿನ ಕಾಲು ನೀವುವುದನ್ನು ನಿಲ್ಲಿಸಲಿಲ್ಲ. "ಆಚೆಮನೆ ಗಿರಿಜಕ್ಕನ ಮಗು ಹಾಗೇ ಹೋದದ್ದಲ್ವಾ. ಬಾಗಿಲು ಹಾಕಿ ಕೆಂಡ ಇಟ್ಟಿದ್ರು. ಬೆಳಿಗ್ಗೆ ನೋಡುವಾಗ ಇಲ್ಲ. ದೃಷ್ಟಿ ತಾಗಿದ್ದು ಅಂತ ಊರೆಲ್ಲ ಹೇಳಿತು. ನಿನ್ನಜ್ಜಿ ಒಬ್ಬರೇ, ಕೆಂಡ ಅಂದ್ರು."

ವೀಣಾ ಅಗ್ಗಿಷ್ಟಿಕೆಯನ್ನು ಅಂಗಳದಲ್ಲಿಟ್ಟು ಬಂದಳು.

ನಾನು ಕಂಡ ಆ ಕೆಂಪು ಎಲ್ಲಿಯದು? ಜಗಲಿಯದೋ, ಬಚ್ಚಲ ಒಲೆಯದೋ, ಯಾರೋ ಹೇಳಿದ್ದೋ? ಕಣ್ಣಾರೆ ಕಂಡವರ ಹೇಳಿಕೆಯನ್ನೂ ನಂಬಬೇಡ ಎಂದು ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಕಲಿತವನು ನಾನು. ಆ ಅನುಮಾನವನ್ನು ನನ್ನ ಕಣ್ಣಿನ ಮೇಲೇ ಪ್ರಯೋಗಿಸಲು ಹೊಳೆದಿರಲಿಲ್ಲ. ಅಮ್ಮನ ನೆನಪೂ ಸರಿಯೆಂದು ಹೇಗೆ ನಂಬಲಿ? ನಂಬಬೇಕಿಲ್ಲ. ಆಕೆ ತಪ್ಪಿದ್ದರೆ ಒಂದು ಕೊಳವೆ ದಂಡ. ನಾನು ತಪ್ಪಿದ್ದರೆ?

ಅಗ್ಗಿಷ್ಟಿಕೆ ವಾಪಸ್ ಹೋಯಿತು, ಪುಟ್ಟ ಒಲೆ ಬಂತು. ತೂತಿನ ಪ್ರಶ್ನೆಗೆ ವೀಣಾಳೇ ದಾರಿ ತೋರಿಸಿದಳು. ಹಾಲ್‌ನ ಗೋಡೆಯಲ್ಲಿ ವಿಂಡೋ ಏ.ಸಿ. ಇತ್ತಲ್ಲ, ಚಳಿಗಾಲದಲ್ಲಿ ಅದಕ್ಕೇನು ಕೆಲಸ? ಅದನ್ನು ಇಳಿಸಿ, ಜಾಗಕ್ಕೆ ತಗಡು ಹೊಡೆಸಿ, ಅದರೊಳಗಿಂದ ಕೊಳವೆ ಹಾಯಿಸಿದೆವು. ಮನೆಯ ಮಾಲೀಕರು ಬಂದು ನೋಡಿ, ಏಪ್ರಿಲ್‌ಗೆ ಮೊದಲು ಏ.ಸಿ. ಹಾಕಿಸಿಕೋ, ಆಮೇಲೆ ನನ್ನನ್ನು ಬೈಯಬೇಡ ಎಂದು ಹೋದರು.

ಒಲೆ ಸಂಜೆ ಹಾಲ್‌ನಲ್ಲಿ ಉರಿಯುತ್ತದೆ. ಒಂದು ಕಿಟಕಿ ಬೆರಳಗಲ ತೆರೆದೇ ಇರುತ್ತದೆ. ಅದರಿಂದ ಚಳಿ ಬರುತ್ತದೆ ಎಂದು ಗೊಣಗುವವನು ನಾನು, ಮುಚ್ಚಲು ಬಿಡದವರು ಅಮ್ಮ. ಮಲಗುವ ಮೊದಲು ಬೆಂಕಿ ಪೂರ್ತಿ ಆರಿಸುತ್ತೇವೆ. ಬೆಳಗಿನ ಜಾವ ಮನೆ ಮತ್ತೆ ತಣ್ಣಗಾಗುತ್ತದೆ. ಆಗ ಅಮ್ಮ ಇಸ್ತ್ರಿಪೆಟ್ಟಿಗೆಯಲ್ಲಿ ಬಟ್ಟೆ ಬಿಸಿ ಮಾಡಿ ಮೊಮ್ಮಗಳಿಗೆ ಸುತ್ತುತ್ತಾರೆ.

ಮಗು ನೋಡಲು ಬಂದವರಿಗೆಲ್ಲ ಈ ಕೊಳವೆ ತಮಾಷೆ. ಇಷ್ಟೆಲ್ಲ ಯಾಕೆ, ನಮ್ಮ ಮನೆಗಳಲ್ಲಿ ಮಂಚದ ಕೆಳಗೇ ಕೆಂಡ ಇಡುತ್ತಿದ್ದರು, ನಮಗೇನೂ ಆಗಲಿಲ್ಲವಲ್ಲ ಎನ್ನುತ್ತಾರೆ.

ಏನಾದರೂ ಆದವರು ಬಂದು ಹೇಳುತ್ತಾರೆಯೇ?